ಹೊರದೇಶದಿಂದ ದತ್ತು: ನಾವು ಹೋದ ಏಜೆನ್ಸಿಗೆ ಐದಕ್ಕೆ ಮೂರೂವರೆ ಸ್ಟಾರ್

ಏಜೆನ್ಸಿಯ ಹೆಸರು ಹಾಕುತ್ತಿಲ್ಲ. ಮಗಳು ಹುಟ್ಟಿದ ದೇಶದ ಹೆಸರನ್ನೂ ಹಾಕುತ್ತಿಲ್ಲ. ಅದು ಅವಳ ಕಥೆ, ದೊಡ್ಡವಳಾದ ಮೇಲೆ ಬೇಕೆನಿಸಿದರೆ ಅವಳೇ ಹೇಳಿಕೊಳ್ಳಲಿ. ಹೊರದೇಶದಿಂದ ಮಗುವನ್ನು ದತ್ತು ತೆಗೆದುಕೊಳ್ಳಲು ನಾವು ಫೀಸು ಕಟ್ಟಿ ಪಡೆದ ಸೇವೆಯ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಮಗು ಮನೆಗೆ ಬರುವ ತನಕದ ಕೆಲಸಕ್ಕೆ ನಾಲ್ಕೂವರೆ ಸ್ಟಾರ್, ಬಂದ ಮೇಲಿನ ಕೆಲಸಕ್ಕೆ ಎರಡು. ಲೆಕ್ಕ ಹಾಕಿದರೆ ಮೂರೂಕಾಲು ಬರುತ್ತದೆ. ಕಾಲು ಜಾಸ್ತಿ ಕೊಟ್ಟಿದ್ದೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಇನ್ನೊಂದು ಕಡೆ ಫೋನ್ ಮಾಡಿದ್ದೆವು. "ಪುಟ್ಟ ಮಗು, ಆರೋಗ್ಯವಾಗಿರುವ ಮಗು, ಬೇಗ ಮಾಡಿಸಿಕೊಡುತ್ತೇವೆ" ಅಂದರು. ನನ್ನ ಗಂಡ ಫೋನ್ ಇಟ್ಟು "ಇವರು ಬೇಡ" ಅಂದರು. ನಾವು ಆರಿಸಿಕೊಂಡ ಏಜೆನ್ಸಿಯವರು ಮೊದಲ ದಿನವೇ ಮುಚ್ಚಿದ ಬಾಗಿಲುಗಳ ಪಟ್ಟಿ ಹೇಳಿದರು. 1992ರಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಹೊರಗೆ ದತ್ತು ಕೊಟ್ಟ ಚೀನಾ, ಹತ್ತಿರದ ರಕ್ತಸಂಬಂಧಿಕರಿಗೆ, ಮಲತಂದೆ ಮಲತಾಯಂದಿರಿಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ ಅಂತ 2024ರಲ್ಲಿ ನಿಲ್ಲಿಸಿತು. ಇಥಿಯೋಪಿಯಾ 2018ರಲ್ಲೇ ನಿಷೇಧಿಸಿತು. ಅಮೆರಿಕದವರಿಗೆ ರಷ್ಯಾದ ಬಾಗಿಲು 2013ರ ಜನವರಿಯಿಂದ ಬಂದ್. ಮನೆಗಾಗಿ ಕಾಯುತ್ತಿರುವವರಲ್ಲಿ ಸ್ವಲ್ಪ ದೊಡ್ಡ ಮಕ್ಕಳು, ಒಡಹುಟ್ಟಿದವರ ಜೊತೆ ಇರುವವರು, ಚಿಕಿತ್ಸೆ ಬೇಕಾದವರೇ ಜಾಸ್ತಿ ಅಂತಲೂ ಅಂದರು. ಕೊನೆಗೆ "ಮನೆಗೆ ಹೋಗಿ ಯೋಚನೆ ಮಾಡಿ, ನಾವಾಗಿ ಫೋನ್ ಮಾಡುವುದಿಲ್ಲ" ಅಂದರು. ಮಾಡಲೂ ಇಲ್ಲ.

ದತ್ತು ಕೇಳುವವರು ತಂದೆ ತಾಯಿ ಆಗಲು ಯೋಗ್ಯರಾ ಅಂತ ನೋಡಿ ವರದಿ ಬರೆಯುವುದಕ್ಕೆ ಹೋಮ್ ಸ್ಟಡಿ ಅನ್ನುತ್ತಾರೆ. ಅದು ಬರೀ ಮನೆ ನೋಡಿಕೊಂಡು ಹೋಗುವುದು ಅಂದುಕೊಂಡಿರುವವರಿಗೆ ಒಂದು ಮಾತು. ಮನೆ ನೋಡುವುದು ಅದರಲ್ಲಿ ಚಿಕ್ಕ ಭಾಗ. ನಮ್ಮ ಸೋಶಿಯಲ್ ವರ್ಕರ್ ಮೆಟ್ಟಿಲು, ಕಿಟಕಿ, ಮಾತ್ರೆ ಇಡುವ ಕಪಾಟಿನ ಚಿಲಕ ಎಲ್ಲ ಬೇಗ ನೋಡಿ ಮುಗಿಸಿದರು. ಆಮೇಲೆ ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿಕೊಂಡರು. "ನಿಮ್ಮ ಗಂಡನಿಗೆ ಸಿಟ್ಟು ಬಂದಾಗ ಮನೆಯಲ್ಲಿ ಏನು ಸದ್ದು ಕೇಳುತ್ತೆ?" ಅಂತ ನನ್ನನ್ನು ಕೇಳಿದರು. ಯೋಚಿಸಿ "ಬಾಗಿಲು" ಅಂದೆ. ಬರೆದುಕೊಂಡರು. ಆಮೇಲೆ, "ಮಗು ಹೆರಲಿಲ್ಲ ಅನ್ನುವ ದುಃಖವನ್ನು ನೀವು ಅತ್ತು ಮುಗಿಸಿದ್ದೀರಾ, ಇಲ್ಲ ಬರುವ ಮಗು ಬಂದು ಅದನ್ನು ಮುಗಿಸಲಿ ಅಂತ ಇಟ್ಟುಕೊಂಡಿದ್ದೀರಾ?" ಆ ದಿನ ಅವರ ಮೇಲೆ ತುಂಬ ಕೋಪ ಬಂದಿತ್ತು. ಈಗ ಆ ಪ್ರಶ್ನೆ ಒಂದಕ್ಕೇ ಒಂದು ಸ್ಟಾರ್ ಕೊಡಬಹುದು ಅನಿಸುತ್ತದೆ. ಈ ವರದಿಯನ್ನೇ ಮಗುವಿನ ದೇಶದವರು ಓದುತ್ತಾರೆ. ನಮ್ಮನ್ನು ನೋಡುವ ಮೊದಲು ಅವರಿಗೆ ನಾವು ಅಂದರೆ ಆ ಕಾಗದ ಅಷ್ಟೇ, ಅಲ್ವಾ?

ಕಾಗದಪತ್ರದ ಗೋಳು ಎಲ್ಲರಿಗೂ ಗೊತ್ತಿರುವುದೇ. ನೋಟರಿ, ಅಪೋಸ್ಟಿಲ್ (ಕಾಗದ ಹೊರದೇಶದಲ್ಲೂ ನಡೆಯಲಿ ಅಂತ ಸರ್ಕಾರ ಹಾಕುವ ದೃಢೀಕರಣ), ಅನುವಾದ. ಪೊಲೀಸ್ ಸರ್ಟಿಫಿಕೇಟು ಕೈಗೆ ಬರುವಷ್ಟರಲ್ಲಿ ಮೆಡಿಕಲ್ ರಿಪೋರ್ಟಿನ ಅವಧಿ ಮುಗಿಯುತ್ತದೆ. ಯಾವುದು ಯಾವಾಗ ಮುಗಿಯುತ್ತದೆ ಅಂತ ಏಜೆನ್ಸಿಯವರು ಚಾರ್ಟ್ ಮಾಡಿ ಕೊಟ್ಟಿದ್ದರು. ಒಂದೂ ತಪ್ಪಲಿಲ್ಲ. ಫೀಸು ಕೂಡ ಹಂತಹಂತವಾಗಿ, ರಸೀದಿ ಸಮೇತ. ಮಗು ಇದ್ದ ಸಂಸ್ಥೆಗೆ "ದೇಣಿಗೆ" ಅಂತ ಕವರಿನಲ್ಲಿ ನಗದು ಕೊಡಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಇವರು ಹಾಗೆ ಹೇಳಲಿಲ್ಲ.

ಇನ್ನು, ನಮಗೆ ಸೂಚಿಸಿದ ಮಗುವಿನ ಫೈಲಿನ ವಿಷಯ. ಏಜೆನ್ಸಿಯ ಯೋಗ್ಯತೆ ಗೊತ್ತಾಗುವುದು ಇಲ್ಲೇ.

ಫೈಲಿನಲ್ಲಿ ಒಂದು ಫೋಟೋ, ಲಸಿಕೆಯ ಪಟ್ಟಿ, ಎತ್ತರ, ತೂಕ, ತಲೆಯ ಸುತ್ತಳತೆಯ ಅಂಕಿಗಳು ಇದ್ದವು. ಫೋಟೋ ನೋಡಿದ ಕೂಡಲೇ ನಾವು ಒಪ್ಪಿಬಿಡುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತೇನೋ. "ಮೊದಲು ಡಾಕ್ಟರಿಗೆ ತೋರಿಸಿ, ನಮ್ಮ ಡಾಕ್ಟರಿಗಲ್ಲ, ನಿಮ್ಮದೇ ಡಾಕ್ಟರಿಗೆ" ಅಂತ ಕಳಿಸಿದರು. ದತ್ತು ಮಕ್ಕಳನ್ನು ನೋಡಿ ಅನುಭವ ಇದ್ದ ಡಾಕ್ಟರು ಆ ಅಂಕಿಗಳನ್ನು ಗ್ರಾಫಿನಲ್ಲಿ ಒಂದೊಂದೇ ಚುಕ್ಕಿ ಇಟ್ಟು ತೋರಿಸಿದರು. ಎತ್ತರದ ಗೆರೆ ತೀರಾ ಕೆಳಗಿತ್ತು. ಸಂಸ್ಥೆಗಳಲ್ಲಿ ಬೆಳೆದ ಮಕ್ಕಳು ಅಲ್ಲಿದ್ದ ಮೂರು ತಿಂಗಳಿಗೆ ಸುಮಾರು ಒಂದು ತಿಂಗಳ ಬೆಳವಣಿಗೆ ಹಿಂದೆ ಬೀಳುವುದುಂಟು, ಮನೆ ಸಿಕ್ಕ ಮೇಲೆ ಎತ್ತರ ತೂಕ ಬೇಗ ಏರುತ್ತದೆ ಅಂದರು. ಅವರು ಜಾಸ್ತಿ ಹೊತ್ತು ನೋಡಿದ್ದು, ಮಿದುಳಿನ ಬೆಳವಣಿಗೆಯ ಸುಳಿವು ಕೊಡುವ ತಲೆಯ ಸುತ್ತಳತೆಯ ಗೆರೆಯನ್ನು. ಅದು ಮೆಲ್ಲಗಾದರೂ ಏರುತ್ತಲೇ ಇತ್ತು. ಬಂದ ಮೇಲೆ ಹೆಪಟೈಟಿಸ್, ಎಚ್‌ಐವಿ, ಟಿಬಿ, ರಕ್ತಹೀನತೆ, ಹೊಟ್ಟೆ ಹುಳ, ಕಿವಿ, ಕಣ್ಣು ಎಲ್ಲ ಮತ್ತೆ ಪರೀಕ್ಷೆ ಮಾಡಿಸಿ, ಕಾಗದದಲ್ಲಿ ಏನೇ ಬರೆದಿರಲಿ, ಅಂದರು.

ಫೈಲಿನಲ್ಲಿ ಇನ್ನೊಂದು ಹಾಳೆ ಇತ್ತು. ಹೆತ್ತ ತಾಯಿಯ ಒಪ್ಪಿಗೆ ಪತ್ರ. ನೆರಳಚ್ಚಿನ ಮೇಲೆ ನೆರಳಚ್ಚು ತೆಗೆದು ಅರ್ಧ ಹಾಳೆ ಕಪ್ಪಾಗಿತ್ತು. ಹೆಬ್ಬೆಟ್ಟಿನ ಗುರುತು ಕಾಣುತ್ತಿತ್ತು, ತಾರೀಖು ಕಾಣುತ್ತಿರಲಿಲ್ಲ. ಮಗು ಹುಟ್ಟಿದ ಮೇಲೆಯೇ ತಾಯಿ ಒಪ್ಪಿಗೆ ಕೊಟ್ಟಿರಬೇಕು, ಅದಕ್ಕೆ ಯಾರೂ ದುಡ್ಡು ಕೊಟ್ಟಿರಬಾರದು ಅಂತ, ಹೊರದೇಶದ ದತ್ತು ಬಗ್ಗೆ ದೇಶಗಳು ಮಾಡಿಕೊಂಡ 1993ರ ಹೇಗ್ ಒಪ್ಪಂದ ಹೇಳುತ್ತದೆ. ಮಗುವಿಗೆ ಅದರ ದೇಶದಲ್ಲೇ ಮನೆ ಸಿಗುತ್ತದಾ ಅಂತ ಮೊದಲು ನೋಡಿರಬೇಕು ಅಂತಲೂ ಹೇಳುತ್ತದೆ. ಏಜೆನ್ಸಿಯವರು ನಮ್ಮ ಕಡತವನ್ನು ಅಲ್ಲಿಗೇ ನಿಲ್ಲಿಸಿದರು. ಆ ದೇಶದಲ್ಲಿ ದತ್ತು ನೋಡಿಕೊಳ್ಳುವ ಸರ್ಕಾರಿ ಕೇಂದ್ರ ಪ್ರಾಧಿಕಾರಕ್ಕೆ ಬರೆದು ತಾರೀಖು ಕೇಳಿದರು, ಸ್ಥಳೀಯವಾಗಿ ಮನೆ ಹುಡುಕಿದ್ದರ ದಾಖಲೆ ಕೇಳಿದರು. ಲಿಖಿತ ಉತ್ತರ ಬರುವ ತನಕ ಒಂದು ಹೆಜ್ಜೆ ಮುಂದೆ ಇಡಲಿಲ್ಲ. ನಾವು ಗೋಗರೆದೆವು. "ಉತ್ತರ ಸರಿಯಿಲ್ಲದಿದ್ದರೆ ಈ ಮಗು ನಿಮಗೆ ಬರುವುದಿಲ್ಲ" ಅಂದರು, ಅಷ್ಟೇ.

ಇದು ಸುಮ್ನೆ ನಿಯಮದ ಹಠ ಅಲ್ಲ. ದಕ್ಷಿಣ ಕೊರಿಯಾದ ಸತ್ಯ ಮತ್ತು ಸಂಧಾನ ಆಯೋಗ 2025ರ ಮಾರ್ಚ್‌ನಲ್ಲಿ ಹೊರಗೆಡವಿದ್ದು ಇಂಥದ್ದನ್ನೇ: ಹೆತ್ತವರು ಯಾರು ಅಂತ ಗೊತ್ತಿದ್ದ ಮಕ್ಕಳನ್ನೂ ಅನಾಥರು ಅಂತ ಬರೆದು ಹೊರದೇಶಕ್ಕೆ ಕಳಿಸಿದ ಪ್ರಕರಣಗಳು. ನೆದರ್ಲೆಂಡ್ಸ್ 2021ರಲ್ಲಿ ಹೊರದೇಶದ ದತ್ತುವನ್ನೇ ತಡೆಹಿಡಿದದ್ದು ಹಳೆಯ ಅಕ್ರಮಗಳ ತನಿಖಾ ವರದಿ ಬಂದ ಮೇಲೆ. ಆ ಮಕ್ಕಳನ್ನು ದತ್ತು ತೆಗೆದುಕೊಂಡ ತಂದೆ ತಾಯಂದಿರೂ ನಮ್ಮ ಹಾಗೆ ಫೋಟೋ ನೋಡಿ ಕಣ್ಣೀರು ಹಾಕಿದವರೇ ಇರಬೇಕು. ಕಾಲು ಸ್ಟಾರ್ ಜಾಸ್ತಿ ಕೊಟ್ಟದ್ದು ಈ ತಡೆಗೆ. ಕೊನೆಗೆ ಉತ್ತರ ಬಂತು, ತಾರೀಖು ಸರಿಯಿತ್ತು, ಎರಡೂ ದೇಶದ ಪ್ರಾಧಿಕಾರಗಳು ಮುಂದುವರಿಯಬಹುದು ಅಂತ ಒಪ್ಪಿದವು.

ಆದರೆ ಆ ಕಾಯುವ ಕಾಲದಲ್ಲಿ ನಮ್ಮ ಜೊತೆ ಮಾತಾಡಿದ್ದು ತೀರಾ ಕಡಿಮೆ. ಸುದ್ದಿ ಇಲ್ಲದಿದ್ದರೆ "ಸುದ್ದಿ ಇಲ್ಲ" ಅಂತ ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ನಮ್ಮ ಕೋಆರ್ಡಿನೇಟರ್ ಬದಲಾದದ್ದು ಕೂಡ, ವಾಪಸ್ ಬಂದ ಈಮೇಲ್‌ನಿಂದ ನಮಗೆ ಗೊತ್ತಾಯಿತು.

ತರಬೇತಿಯ ತರಗತಿಗಳಿಗೆ ಪೂರ್ತಿ ಅಂಕ. ಬಂದ ಹೊಸದರಲ್ಲಿ ಮಗಳು ಕಂಡವರ ತೊಡೆ ಏರುತ್ತಿದ್ದಳು. ಬಂದವರೆಲ್ಲ "ಎಷ್ಟು ಬೇಗ ಹೊಂದಿಕೊಂಡುಬಿಟ್ಟಳು!" ಅಂತ ಖುಷಿಪಟ್ಟರು. ಗುರುತು ಪರಿಚಯ ಇಲ್ಲದವರ ಹತ್ತಿರವೂ ಹಾಗೆ ಹೋಗುವುದು ಹೊಂದಿಕೊಂಡಿದ್ದರ ಲಕ್ಷಣ ಅಲ್ಲ, ತನ್ನವರು ಯಾರು ಅಂತ ಇನ್ನೂ ಗೊತ್ತಾಗದಿರುವುದರ ಲಕ್ಷಣ ಅಂತ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಹಾಗಾಗಿ ಉಣಿಸುವುದು, ಸ್ನಾನ, ಮಲಗಿಸುವುದು ಎಲ್ಲ ನಾವಿಬ್ಬರೇ ಮಾಡಿದೆವು, ಬೇರೆಯವರಿಗೆ ಎತ್ತಿಕೊಳ್ಳಲು ಕೊಡಲಿಲ್ಲ. ನೆಂಟರು ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ.

ಮತ್ತೊಂದು ಒಳ್ಳೆಯ ಕೆಲಸ. ಅವಳನ್ನು ನೋಡಿಕೊಳ್ಳುತ್ತಿದ್ದ ಆಯಾಳ ಹತ್ತಿರ ಏಜೆನ್ಸಿಯವರು ಒಂದು ಹಾಳೆ ಬರೆಸಿ ತಂದಿದ್ದರು. ಬೋರಲು ಮಲಗುತ್ತಾಳೆ. ದೀಪ ಆರಿಸಬೇಡಿ. ಕೈಯಲ್ಲಿರುವ ಬಟ್ಟೆ ಒಗೆಯಬೇಡಿ. ಜೊತೆಗೆ "ಬಾ", "ನೀರು ಬೇಕಾ", "ಹೆದರಬೇಡ" ಅನ್ನುವ ಮಾತುಗಳ ರೆಕಾರ್ಡಿಂಗ್, ಆಯಾಳದೇ ದನಿಯಲ್ಲಿ. ಆ ಬಟ್ಟೆ ವಾಸನೆ ಹೊಡೆಯುತ್ತಿತ್ತು, ಆದರೂ ಒಗೆಯಲಿಲ್ಲ.

ಮನೆಗೆ ಬಂದ ಮೇಲಿನ ಸೇವೆಗೆ ಯಾಕೆ ಎರಡೇ ಸ್ಟಾರ್? ರಾತ್ರಿ ಅವಳು ಅಳುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ಸದ್ದಿಲ್ಲದೆ ಮಲಗಿರುತ್ತಿದ್ದಳು. ಕರೆದರೆ ಯಾರಾದರೂ ಬರುತ್ತಾರೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಕರಪತ್ರದಲ್ಲಿ ದೊಡ್ಡದಾಗಿ ಹಾಕಿದ್ದ ಸಹಾಯವಾಣಿಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ. ಮೆಸೇಜ್ ಬಿಟ್ಟರೆ ಬಂದದ್ದು ದತ್ತು ನಂತರದ ವರದಿಯ ಫಾರ್ಮ್: ಎತ್ತರ, ತೂಕ, ಫೋಟೋ ಲಗತ್ತಿಸಿ. ಆ ಫಾರ್ಮ್ ಈಗಲೂ ತಪ್ಪದೆ ಬರುತ್ತದೆ. ನಿದ್ದೆಯ ವಿಷಯದಲ್ಲಿ ಸಹಾಯ ಮಾಡಿದ ಮಕ್ಕಳ ಮನೋವೈದ್ಯರನ್ನು ನಾವೇ ಹುಡುಕಿಕೊಂಡೆವು. ಮಗುವನ್ನು ತರುವ ತನಕ ಹತ್ತು ಜನರ ತಂಡ, ತಂದ ಮೇಲೆ ಒಂದು ಉತ್ತರಿಸುವ ಯಂತ್ರ. ಇದು ಸರಿಯಲ್ಲ.

ಈ ಏಜೆನ್ಸಿಗೆ ಹೋಗಬಹುದಾ ಅಂತ ಕೇಳಿದರೆ, ಹೋಗಿ ಅನ್ನುತ್ತೇನೆ. ಮಗು ಬರುವ ಮೊದಲೇ ಅನುಭವಿ ಡಾಕ್ಟರು, ಮಾತಾಡಿಸಬಲ್ಲ ಮನೋವೈದ್ಯರು, ದತ್ತು ಮಕ್ಕಳಿರುವ ಒಂದೆರಡು ಮನೆಗಳ ಪರಿಚಯ ಮಾಡಿಕೊಂಡಿರಿ. ಒಪ್ಪಂದಕ್ಕೆ ಸಹಿ ಹಾಕುವಾಗ, ಮನೆಗೆ ಬಂದ ಮೇಲೆ ರಾತ್ರಿ ಹೊತ್ತು ಫೋನ್ ಎತ್ತುವವರು ಯಾರು ಅಂತ ಹೆಸರು ಬರೆಸಿಕೊಳ್ಳಿ.

ಆ ಕಪ್ಪು ಹಾಳೆಯ ಒಳ್ಳೆಯ ಪ್ರತಿ ಇನ್ನೂ ಬಂದಿಲ್ಲ. ತಾರೀಖು ಸರಿ ಅಂತ ಪತ್ರ ಬಂದಿದೆ, ಮೂಲದ ಪ್ರತಿ ಇಲ್ಲ. ಮಗುವಿನ ಮೂಲದ ದಾಖಲೆಗಳನ್ನು ಕಾಪಾಡಬೇಕು ಅಂತ ಅದೇ ಹೇಗ್ ಒಪ್ಪಂದ ಹೇಳುತ್ತದೆ. ಮಗಳು ಕೇಳುವ ದಿನಕ್ಕೆ ಅದು ನಮ್ಮ ಕೈಯಲ್ಲಿರಬೇಕು. ಹೋದ ವಾರ ಮತ್ತೆ ಬರೆದಿದ್ದೇನೆ, "ಕಳಿಸಲು ಹೇಳಿದ್ದೇವೆ" ಅಂದಿದ್ದಾರೆ. ಬಂದರೆ ಇನ್ನು ಅರ್ಧ ಸ್ಟಾರ್ ಸೇರಿಸುತ್ತೇನೆ.