ಬ್ಯಾಕಪ್ ಡಿಸ್ಕನ್ನು ಕಂಪ್ಯೂಟರ್ ಇರುವ ಬೋರ್ಡಿಗೇ ಸಿಕ್ಕಿಸಿ ಬಿಡಬೇಡಿ

ಮನೆಯಲ್ಲೇ ಕೂತು ಕೆಲಸ ಮಾಡುವವರು, ಅದರಲ್ಲೂ ಡೆಸ್ಕ್‌ಟಾಪ್ ಇಟ್ಟುಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ.

ನಾನು ಪುಸ್ತಕಗಳ ಪುಟ ವಿನ್ಯಾಸ ಮಾಡುತ್ತೇನೆ. ಮೂರು ವರ್ಷದ ಹಿಂದೆ ಮಲಗುವ ಕೋಣೆಯ ಒಂದು ಮೂಲೆಯನ್ನು ಕೆಲಸಕ್ಕೆ ಅಂತ ಮಾಡಿಕೊಂಡೆ. ಮೇಜು ಕುರ್ಚಿಗೆ ತಿಂಗಳುಗಟ್ಟಲೆ ಹುಡುಕಾಡಿದೆ. ಮಾನಿಟರ್‌ನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ಪರದೆ ಒಂದು ತೋಳಿನಷ್ಟು ದೂರ ಇರಬೇಕು, ಕಿಟಕಿಯ ಬೆಳಕು ಪಕ್ಕದಿಂದ ಬೀಳಬೇಕು, ಹೀಗೆ ಎಲ್ಲವನ್ನೂ ಅಳತೆ ಹಿಡಿದು ಮಾಡಿದೆ. ಕರೆಂಟಿನ ಬಗ್ಗೆ ಮಾತ್ರ ಐದು ನಿಮಿಷವೂ ಯೋಚಿಸಲಿಲ್ಲ. ಆ ಮೂಲೆಗೆ ಪ್ಲಗ್ ಪಾಯಿಂಟ್ ಇರಲಿಲ್ಲ. ಎದುರು ಗೋಡೆಯಿಂದ ಒಂದು ಎಕ್ಸ್‌ಟೆನ್ಷನ್ ಎಳೆದೆ, ಅದು ಸಾಲದೆ ಅದಕ್ಕೇ ಇನ್ನೊಂದು ಎಕ್ಸ್‌ಟೆನ್ಷನ್ ಸಿಕ್ಕಿಸಿದೆ. ಸಿಪಿಯು, ಮಾನಿಟರ್, ಪ್ರಿಂಟರ್, ರೂಟರ್, ಬ್ಯಾಕಪ್ಪಿಗೆ ಅಂತ ತಂದ ಹಾರ್ಡ್ ಡಿಸ್ಕಿನ ಅಡಾಪ್ಟರ್, ಎಲ್ಲವೂ ಆ ಎರಡನೇ ಬೋರ್ಡಿನಲ್ಲಿ.

ಮೊದಲ ವಾರದಿಂದಲೇ ಒಂದು ಸೂಚನೆ ಸಿಗುತ್ತಿತ್ತು. ಬರಿಗಾಲಲ್ಲಿ ನಿಂತು ಸಿಪಿಯುವಿನ ಲೋಹದ ಡಬ್ಬ, ಅಂದರೆ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ಕೇಳಿದವರೆಲ್ಲ "ಅದು ಎಲ್ಲ ಕಂಪ್ಯೂಟರಲ್ಲೂ ಇರತ್ತೆ, ಚಪ್ಪಲಿ ಹಾಕ್ಕೊಂಡು ಕೂತ್ಕೋ" ಅಂದರು. ನಾನೂ ಹಾಗೇ ಮಾಡಿದೆ.

ಆ ಜುಮ್ ಏನು ಅಂತ ನನಗೆ ಎಲ್ಲ ಮುಗಿದ ಮೇಲೆ ಗೊತ್ತಾಯಿತು. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಫೇಸ್‌ನಿಂದ (ಕರೆಂಟ್ ಬರುವ ತಂತಿ) ಒಂದು, ನ್ಯೂಟ್ರಲ್‌ನಿಂದ (ವಾಪಸ್ ಹೋಗುವ ತಂತಿ) ಒಂದು, ಹೀಗೆ ಎರಡು ಸಣ್ಣ ಕೆಪಾಸಿಟರ್‌ಗಳು ಕ್ಯಾಬಿನೆಟ್ಟಿನ ಲೋಹಕ್ಕೆ ಸೇರಿರುತ್ತವೆ. ಬೇರೆ ಉಪಕರಣಗಳಿಗೆ ಅಡಚಣೆ ಮಾಡುವ ಸಣ್ಣ ಕರೆಂಟನ್ನು ಅರ್ಥಿಂಗ್ ತಂತಿಗೆ, ಅಂದರೆ ನೆಲಕ್ಕೆ ಸೇರುವ ತಂತಿಗೆ, ಹರಿಸೋದು ಅವುಗಳ ಕೆಲಸ. ಅರ್ಥಿಂಗ್ ಇಲ್ಲದಿದ್ದರೆ ಅದಕ್ಕೆ ಹೋಗೋಕೆ ದಾರಿ ಇಲ್ಲ, ಆಗ ಕ್ಯಾಬಿನೆಟ್ ಮೇಲೆ ಸರಬರಾಜಿನ ಅರ್ಧದಷ್ಟು ವೋಲ್ಟೇಜ್ ನಿಂತಿರುತ್ತದೆ. 230 ವೋಲ್ಟ್ ಇರುವ ಕಡೆ ಸುಮಾರು 115. ಹರಿಯುವ ಕರೆಂಟ್ ತುಂಬ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನೋದು. ಆದರೆ ಅದೇ ಕ್ಯಾಬಿನೆಟ್ ಒಳಗೆ ಫೇಸ್ ತಂತಿಯ ಹೊದಿಕೆ ಕಿತ್ತು ಲೋಹಕ್ಕೆ ತಾಗಿದರೆ, ಫ್ಯೂಸ್ ಹಾರಿಸೋಕೆ ಬೇಕಾದ ತಂತಿಯೇ ಅಲ್ಲಿರುವುದಿಲ್ಲ. ಮುಟ್ಟಿದವರ ಗತಿ ಏನು, ನೀವೇ ಯೋಚಿಸಿ. ನಮ್ಮ ಮನೆಯ ಪಾಯಿಂಟಿನಲ್ಲಿ ಮೂರು ತೂತು ಇದ್ದವು. ಅರ್ಥಿಂಗ್ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಮೂರು ತೂತು ಕಂಡ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತ ನಂಬಬೇಡಿ.

ಈಗ ಆ ದಿನದ ವಿಷಯ. ಸಂಜೆ ಕೆಲಸ ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ದೀಪ ಪ್ರಖರವಾಯಿತು, ಮೇಲಿನ ಫ್ಯಾನ್ ಜೋರಾಗಿ ತಿರುಗಿತು. ಎರಡೇ ಕ್ಷಣ. ಮೇಜಿನ ಕೆಳಗೆ ಟಪ್ ಅಂತ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಪರದೆ ಕಪ್ಪು. ಓಡಿಹೋಗಿ ಮೇನ್ ಆಫ್ ಮಾಡಿದೆ. ಹೊರಗಿನ ಲೈನಿನಲ್ಲಿ ನ್ಯೂಟ್ರಲ್ ಸಡಿಲವಾಗಿತ್ತು ಅಂತ ಆಮೇಲೆ ತಿಳಿಯಿತು. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ಬಿಟ್ಟುಹೋದರೆ ಒಂದು ಫೇಸ್ ಮೇಲಿರುವ ಮನೆಗೆ 230 ಬದಲು 400ರ ಹತ್ತಿರ ಬರಬಹುದು.

"ಸರ್ಜ್ ಪ್ರೊಟೆಕ್ಟರ್ ಇರಲಿಲ್ವಾ" ಅಂತ ಕೇಳುತ್ತೀರಿ, ಅಂದರೆ ವೋಲ್ಟೇಜ್ ಏರಿಕೆಯಿಂದ ಕಾಪಾಡುವ ಭಾಗ. ಇತ್ತು, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿತ್ತು. ಆದರೆ ಅದರೊಳಗಿನ ಬಿಡಿಭಾಗ ಕಣ್ಣು ಮಿಟುಕಿಸುವುದಕ್ಕಿಂತಲೂ ಬೇಗ ಬಂದುಹೋಗುವ ಏರಿಕೆಯನ್ನು ತಡೆಯೋಕೆ ಇರುವುದು. ವೋಲ್ಟೇಜ್ ಏರಿ ಹಾಗೇ ನಿಂತರೆ ಅದೇ ಕಾದು ಸುಟ್ಟುಹೋಗುತ್ತದೆ. ಏರಿಕೆಯನ್ನು ಅರ್ಥಿಂಗಿಗೆ ತಿರುಗಿಸುವ ಭಾಗವಂತೂ ಅರ್ಥಿಂಗ್ ಇಲ್ಲದ ಕಡೆ ಸುಮ್ನೆ ಕೂತಿರುತ್ತದೆ. ನನ್ನಂಥ ಸಂದರ್ಭಕ್ಕೆ ಬೇಕಿದ್ದದ್ದು, ವೋಲ್ಟೇಜ್ ಮಿತಿ ಮೀರಿದರೆ ಲೈನನ್ನೇ ಕತ್ತರಿಸುವ ಕಟ್‌ಆಫ್. ಅದನ್ನು ಮೇನ್ ಬೋರ್ಡಿನಲ್ಲಿ ಹಾಕಿಸಬೇಕು.

ಪವರ್ ಸಪ್ಲೈ, ಮದರ್‌ಬೋರ್ಡ್, ಒಳಗಿನ ಡಿಸ್ಕ್, ರೂಟರ್ ಹೋದವು. ಹೋಗಲಿ, ವಸ್ತುಗಳು. ಬ್ಯಾಕಪ್ ಡಿಸ್ಕ್ ಕೂಡ ಹೋಯಿತು. ಅದು ಹಗಲೂ ರಾತ್ರಿ ಅದೇ ಬೋರ್ಡಿಗೆ ಸಿಕ್ಕಿಸಿಕೊಂಡೇ ಇತ್ತು. ಕಂಪ್ಯೂಟರನ್ನು ಕೊಂದ ಕರೆಂಟೇ ಅದನ್ನೂ ಕೊಂದಿತು. ಇನ್ನೂ ಸಂಕಟದ ವಿಷಯ ಅಂದರೆ, ಒಳಗಿನ ಡಿಸ್ಕಿನಲ್ಲಿ ಜಾಗ ಸಾಲುತ್ತಿಲ್ಲ ಅಂತ ಹಳೆಯ ಕೆಲಸಗಳನ್ನೆಲ್ಲ ಅಲ್ಲಿಂದ ಅಳಿಸಿ ಈ ಡಿಸ್ಕಿಗೆ ಸಾಗಿಸಿದ್ದೆ. ಬಾಯಲ್ಲಿ ಬ್ಯಾಕಪ್ ಅನ್ನುತ್ತಿದ್ದೆ, ಆದರೆ ಅದು ಇದ್ದ ಒಂದೇ ಪ್ರತಿ ಆಗಿಹೋಗಿತ್ತು. ಇದನ್ನು ಎಷ್ಟೋ ಜನ ಮಾಡುತ್ತಾರೆ. ನೀವೂ ಮಾಡಿದ್ದೀರಾ, ಒಮ್ಮೆ ನೋಡಿ.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಅದೇ ಮಾದರಿಯ ಇನ್ನೊಂದು ಡಿಸ್ಕ್ ಕೊಂಡು, ಅದರ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಸತ್ತ ಡಿಸ್ಕಿಗೆ ಹಾಕಿದೆ. ಯಾರೋ ಹೇಳಿದ್ದರು. ಹಳೇ ಕಾಲದ ಡಿಸ್ಕುಗಳಲ್ಲಿ ಅದು ನಡೆಯುತ್ತಿತ್ತು. ಈಗಿನವುಗಳಲ್ಲಿ ಆ ಒಂದು ಡಿಸ್ಕಿಗೆ ಮಾತ್ರ ಹೊಂದುವ ಮಾಹಿತಿ ಬೋರ್ಡಿನ ಒಂದು ಚಿಪ್ಪಿನಲ್ಲಿ ಇರುತ್ತದೆ, ಆ ಚಿಪ್ಪನ್ನೂ ಕಿತ್ತು ಹೊಸ ಬೋರ್ಡಿಗೆ ಬೆಸೆಯದಿದ್ದರೆ ಸಾಮಾನ್ಯವಾಗಿ ಪ್ರಯೋಜನ ಇಲ್ಲ. ನನ್ನ ಡಿಸ್ಕ್ ಒಂದು ಸಲ ತಿರುಗಿ, ಟಕ್ ಟಕ್ ಅಂತ ಬಡಿದು ನಿಂತಿತು. ಡೇಟಾ ತೆಗೆದುಕೊಡುವವರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ "ನೀವೇ ಬಿಚ್ಚಿದ್ರಾ" ಅಂತ. ಅರ್ಧದಷ್ಟು ಫೈಲುಗಳು ಮಾತ್ರ ಸಿಕ್ಕವು. ಡಿಸ್ಕ್ ಸತ್ತರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಬಿಚ್ಚಬೇಡಿ, ಹಾಗೇ ತೆಗೆದುಕೊಂಡು ಹೋಗಿ.

ಮುದ್ರಣಕ್ಕೆ ಹೋಗಬೇಕಿದ್ದ ಒಂದು ಪುಸ್ತಕ ಸಿಗದ ಅರ್ಧದಲ್ಲಿತ್ತು. ಎರಡು ಸಲ ಕರಡು ತಿದ್ದಿ ಮುಗಿದಿತ್ತು. ಉಳಿದದ್ದು ಲೇಖಕರಿಗೆ ಮೇಲ್ ಮಾಡಿದ್ದ ಪಿಡಿಎಫ್ ಒಂದೇ, ಅದೂ ಮನೆಯಿಂದ ಆಚೆ ಹೋಗಿದ್ದಕ್ಕೆ ಉಳಿಯಿತು. ಅದರಿಂದ ಪಠ್ಯ ಕಾಪಿ ಮಾಡಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಕನ್ನಡ ಪಿಡಿಎಫ್ ಜೊತೆ ಒದ್ದಾಡಿದವರಿಗೆ ಗೊತ್ತಿರುತ್ತದೆ ಅಲ್ವಾ. ಮುನ್ನೂರು ಪುಟವನ್ನು ಕೂತು ಮತ್ತೆ ಟೈಪ್ ಮಾಡಿದೆ. ಆ ಲೇಖಕರಿಗೆ ಫೋನ್ ಮಾಡಿ ವಿಷಯ ಹೇಳಬೇಕಾದ ದಿನ ನನಗೆ ಇವತ್ತಿಗೂ ಮರೆತಿಲ್ಲ.

ನಿಮ್ಮ ಕ್ಯಾಬಿನೆಟ್ ಜುಮ್ ಅನ್ನುತ್ತಿದ್ದರೆ ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ, ಅರ್ಥಿಂಗನ್ನು ಮೀಟರ್ ಇಟ್ಟು ಅಳೆಯೋಕೆ ಹೇಳಿ, ಕಣ್ಣಲ್ಲಿ ನೋಡಿ "ಸರಿ ಇದೆ" ಅಂದರೆ ಒಪ್ಪಬೇಡಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಹಾಕಿದ್ದರೆ ಬಿಸಾಡಿ. ಎಕ್ಸ್‌ಟೆನ್ಷನ್‌ಗೆ ಎಕ್ಸ್‌ಟೆನ್ಷನ್ ಬೇಡ, ಕೂರುವ ಜಾಗಕ್ಕೇ ಪಾಯಿಂಟ್ ಹಾಕಿಸಿ. 6 ಆಂಪಿಯರ್ ಬೋರ್ಡ್ 230 ವೋಲ್ಟಿಗೆ 1380 ವ್ಯಾಟ್ ಮಾತ್ರ ತಡೆಯುತ್ತದೆ, ಚಳಿಗೆ ಅಂತ ಹೀಟರನ್ನು ಅದಕ್ಕೇ ಸಿಕ್ಕಿಸಿದರೆ ತಂತಿ ಕಾಯುತ್ತದೆ, ಸುರುಳಿ ಸುತ್ತಿಟ್ಟಿದ್ದರೆ ಇನ್ನೂ ಜಾಸ್ತಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟ್ ತುಂಬ. ಧೂಳು ತೆಗೆಯುವಾಗ ಪ್ಲಗ್ ಕಿತ್ತಿರಲಿ.

ನಾನೀಗ ಎರಡು ಡಿಸ್ಕ್ ಇಟ್ಟಿದ್ದೇನೆ. ಶನಿವಾರ ಒಂದನ್ನು ಸಿಕ್ಕಿಸಿ ಕಾಪಿ ಮಾಡಿ, ಅದರಲ್ಲಿರುವ ಯಾವುದಾದರೂ ಹಳೆಯ ಫೈಲನ್ನು ತೆರೆದು ನೋಡಿ, ತಂತಿ ಎಲ್ಲ ಕಿತ್ತು ಕಪಾಟಿಗೆ ಇಡುತ್ತೇನೆ. ಇನ್ನೊಂದು ಅಕ್ಕನ ಮನೆಯಲ್ಲಿದೆ, ತಿಂಗಳಿಗೊಮ್ಮೆ ಅದಲು ಬದಲು. ನಡೆಯುತ್ತಿರುವ ಕೆಲಸ ದಿನಾ ರಾತ್ರಿ ಕ್ಲೌಡಿಗೂ ಹೋಗುತ್ತದೆ. ಕಂಪ್ಯೂಟರಿನಲ್ಲಿ ಆದ ಬದಲಾವಣೆಯನ್ನು ಕ್ಲೌಡಿಗೂ ತಾನೇ ದಾಟಿಸುವ ಸಿಂಕ್ ಒಂದನ್ನೇ ನಂಬಿ ಕೂರೋಕೆ ಆಗಲ್ಲ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಅದಕ್ಕೇ ಡಿಸ್ಕ್. ಈ ಶನಿವಾರದ ಕಾಪಿಗೆ ಹನ್ನೆರಡು ನಿಮಿಷ ಹಿಡಿಯಿತು.