ಲೆಶರ್, ಪನಾಮಾ, ವಿಲ್ಸನ್: ಯಾವ ‘ಡಾಲರ್’ಗೆ ದುಡ್ಡು ಹಾಕಬೇಕು?

ಹೆಚ್ಚುಕಡಿಮೆ ಡಾಲರ್ ನಾಣ್ಯದಷ್ಟು ಅಗಲ, ಆದರೆ ಸರ್ಕಾರ ಚಲಾವಣೆಗೆ ಬಿಟ್ಟ ನಾಣ್ಯ ಅಲ್ಲ. ಇಂಥ ಹಳೆ ಪದಕ, ಟೋಕನ್‌ಗಳಿಗೆ ಅಮೆರಿಕದ ಸಂಗ್ರಾಹಕರು ‘ಸೋ-ಕಾಲ್ಡ್ ಡಾಲರ್’ ಎನ್ನುತ್ತಾರೆ. ನನ್ನ ಹತ್ತಿರ ಇರುವ ಮೂರನ್ನು ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ಲೆಶರ್ ಡಾಲರ್ ಎಲ್ಲರಿಗೂ ಬೇಕು. 1900ರಲ್ಲಿ ಕೊಲರಾಡೋದ ವಿಕ್ಟರ್ ಎಂಬ ಗಣಿ ಊರಿನಲ್ಲಿ ಜೋಸೆಫ್ ಲೆಶರ್ ಮಾಡಿಸಿದ್ದು. ಎಂಟು ಮೂಲೆಯ ಬೆಳ್ಳಿ ತುಂಡು, ಅದರ ಮೇಲೆ ಸೀರಿಯಲ್ ನಂಬರ್. ಬಂಸ್ಟೆಡ್ ಎಂಬ ಕಿರಾಣಿ ವ್ಯಾಪಾರಿಯ ಹೆಸರು ಇರುವವೂ ಸಿಗುತ್ತವೆ. ಕಥೆ ಚೆನ್ನಾಗಿದೆ, ಆದರೆ ಬೆಲೆ ಸಾವಿರ ಡಾಲರ್ ದಾಟುತ್ತದೆ. ಮೊದಲ ಪದಕಕ್ಕೇ ಅಷ್ಟು ಸುರಿಯುವುದು ಬೇಡ.

1915ರ ಪನಾಮಾ-ಪೆಸಿಫಿಕ್ ಪದಕ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದ್ದು, ರಾಬರ್ಟ್ ಏಟ್ಕನ್ ವಿನ್ಯಾಸ. ಪನಾಮಾ ಕಾಲುವೆಯ ಬಾಗಿಲು ತೆರೆಯುತ್ತಿರುವ ರೋಮನ್ ದೇವತೆ ಮರ್ಕ್ಯುರಿಯ ಮೈಕಟ್ಟು ನೋಡಿದರೆ ಗೊತ್ತಾಗುತ್ತದೆ, ಇದು ಸುಮ್ನೆ ಅಚ್ಚು ಹಾಕಿದ್ದಲ್ಲ ಅಂತ. ಬೆಳ್ಳಿ, ಕಂಚು, ಚಿನ್ನದ ಲೇಪ, ಮೂರರಲ್ಲೂ ಬಂದಿದೆ. ನನ್ನ ಓಟು ಕಂಚಿಗೇ. ಲೇಪದ್ದು ಎತ್ತರದ ಜಾಗಗಳಲ್ಲಿ ಬೇಗ ಸವೆದು ಕಾಣುತ್ತದೆ, ಕಂಚಿನದು ವಯಸ್ಸಾದಷ್ಟೂ ಬಣ್ಣ ಕಟ್ಟುತ್ತದೆ. ಸಿಗುವುದೂ ಸುಲಭ.

ಆದರೂ ನನಗೆ ಮನಸ್ಸು ನಿಂತದ್ದು ವಿಲ್ಸನ್ ಡಾಲರ್ ಮೇಲೆ. 1920ರಲ್ಲಿ, ಆಗ ಅಮೆರಿಕದ ಆಳ್ವಿಕೆಯಲ್ಲಿದ್ದ ಫಿಲಿಪೀನ್ಸ್‌ನ ಮನಿಲಾದಲ್ಲಿ ಟಂಕಸಾಲೆ ತೆರೆದ ನೆನಪಿಗೆ ಹೊರಬಂದದ್ದು. ಒಂದು ಕಡೆ ಆಗಿನ ಅಮೆರಿಕ ಅಧ್ಯಕ್ಷ ವಿಲ್ಸನ್ ಮುಖ, ಇನ್ನೊಂದು ಕಡೆ ನಾಣ್ಯ ಯಂತ್ರದ ಪಕ್ಕ ಮಂಡಿಯೂರಿದ ದೇವತೆ, ಜೊತೆಗೊಂದು ಮಗು. 1942ರಲ್ಲಿ ಜಪಾನಿನ ಸೇನೆ ಮುನ್ನುಗ್ಗಿದಾಗ ಫಿಲಿಪೀನ್ಸ್ ಖಜಾನೆಯ ಬೆಳ್ಳಿಯನ್ನು ಶತ್ರುವಿಗೆ ಸಿಗದಿರಲಿ ಅಂತ ಕೊರೆಹಿಡೋರ್ ದ್ವೀಪದ ಬಳಿ ಸಮುದ್ರಕ್ಕೆ ಹಾಕಿದರು, ಅದರ ಜೊತೆ ಈ ಪದಕಗಳೂ ಮುಳುಗಿದವು. ಆಮೇಲೆ ಮೇಲೆತ್ತಿದವು ಕಪ್ಪಾಗಿ, ಉಪ್ಪು ತಿಂದು ಗುಳಿ ಬಿದ್ದಿರುತ್ತವೆ. ಅಂಥವು ನುಣುಪಾದವಕ್ಕಿಂತ ಅಗ್ಗ. ನಾನು ಬೇಕಂತಲೇ ಅದನ್ನೇ ಆರಿಸಿದೆ, ಯಾಕೆಂದರೆ ಆ ಗುಳಿಗಳೂ ಪದಕದ ಇತಿಹಾಸವೇ ಅಲ್ವಾ.

ಒಂದು ಎಚ್ಚರಿಕೆ. ಸಮುದ್ರದ ಗುರುತು ಅಳಿಸಲು ತಿಕ್ಕಿ ಹೊಳಪು ಕೊಟ್ಟ ವಿಲ್ಸನ್ ಪದಕಗಳೂ ಮಾರಾಟಕ್ಕೆ ಬರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳು ಕಾಣುತ್ತವೆ. ಕಂಡರೆ ಬಿಟ್ಟುಬಿಡಿ, ಬೆಲೆ ಎಷ್ಟೇ ಕಮ್ಮಿ ಇರಲಿ.