ತುಮಕೂರಿಗೆ ಬಂದರೆ ತಟ್ಟೆ ಇಡ್ಲಿ ಎಲ್ಲಿ ತಿನ್ನಬೇಕು?

ಮದುವೆಗೋ, ಕೋರ್ಟು ಕೆಲಸಕ್ಕೋ, ದೇವರಾಯನದುರ್ಗ ಹತ್ತುವುದಕ್ಕೋ, ಬೆಂಗಳೂರು ಕಡೆಯಿಂದ ತುಮಕೂರಿಗೆ ಯಾರೇ ಬಂದರೂ ಮೊದಲು ಕೇಳುವುದು ಇದನ್ನೇ. ನನ್ನ ಉತ್ತರ ಯಾವತ್ತೂ ಒಂದೇ. ಊರೊಳಗೆ ಬರುವುದಕ್ಕೆ ಮುಂಚೆಯೇ ಕ್ಯಾತ್ಸಂದ್ರದಲ್ಲಿ ಇಳಿಯಿರಿ. ಬೆಳಿಗ್ಗೆ ಎಂಟೂವರೆ ಒಳಗೆ ಇಳಿಯಿರಿ. ಪಾರ್ಸೆಲ್ ಕೇಳಬೇಡಿ, ಜಾಗ ಇಲ್ಲದಿದ್ದರೆ ನಿಂತುಕೊಂಡಾದರೂ ಅಲ್ಲೇ ತಿನ್ನಿ.

ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಹೈವೇಯಲ್ಲಿ ಬರುವಾಗ ಎರಡೂ ಕಡೆ 'ತಟ್ಟೆ ಇಡ್ಲಿ' ಅಂತ ದೊಡ್ಡ ದೊಡ್ಡ ಬೋರ್ಡುಗಳು ಕಾಣುತ್ತವೆ. ಅಲ್ಲಿ ಪಾರ್ಕಿಂಗ್ ಚೆನ್ನಾಗಿರುತ್ತದೆ, ಟಾಯ್ಲೆಟ್ ಇರುತ್ತದೆ, ಮಕ್ಕಳಿಗೆ ಐಸ್‌ಕ್ರೀಮ್ ಕೂಡ ಸಿಗುತ್ತದೆ. ಇಡ್ಲಿ ಮಾತ್ರ ಅಷ್ಟಕ್ಕಷ್ಟೇ. ಮೊದಲೇ ಬೇಯಿಸಿ ಡಬ್ಬದಲ್ಲಿ ಮುಚ್ಚಿಟ್ಟಿರುತ್ತಾರೆ, ಆರ್ಡರ್ ಬಂದಾಗ ತೆಗೆದು ಕೊಡುತ್ತಾರೆ. ತಟ್ಟೆ ಇಡ್ಲಿ ಆರಿದರೆ ಮುಗಿಯಿತು, ಒಣಗಿದ ಸ್ಪಂಜನ್ನು ಕಚ್ಚಿದ ಹಾಗಿರುತ್ತದೆ. ಅದಕ್ಕೇ ನಾನು ಹೇಳುವುದು, ಸರ್ವಿಸ್ ರಸ್ತೆಗೆ ಇಳಿದು ಕ್ಯಾತ್ಸಂದ್ರದ ಒಳಗೆ ಹೋಗಿ ಅಂತ. ಹತ್ತು ನಿಮಿಷ ಜಾಸ್ತಿ ಆಗಬಹುದು, ಆಗಲಿ ಬಿಡಿ.

ಒಳಗೆ ಹೋದರೆ ಎಲ್ಲರ ಬಾಯಲ್ಲೂ ಕೇಳುವ ಹೆಸರು ಪವಿತ್ರ ಇಡ್ಲಿ ಹೋಟೆಲ್. ಆ ಹೆಸರು ಸುಮ್ನೆ ಬಂದಿಲ್ಲ. ಅಲ್ಲಿ ಇಡ್ಲಿ ಒಲೆಯಿಂದ ಇಳಿಯುವುದಕ್ಕೂ ನಿಮ್ಮ ಕೈಗೆ ಬರುವುದಕ್ಕೂ ನಡುವೆ ಆರುವಷ್ಟು ಹೊತ್ತೇ ಇರುವುದಿಲ್ಲ, ಯಾಕಂದರೆ ಜನ ಅಷ್ಟು ಬೇಗ ಖಾಲಿ ಮಾಡುತ್ತಾರೆ. ಬಿಸಿ ಇಡ್ಲಿ ಮೇಲೆ ಬೆಣ್ಣೆ ಬಿದ್ದ ತಕ್ಷಣ ಅಂಚಿನ ಕಡೆ ಇಳಿಯುವುದಕ್ಕೆ ಶುರುವಾಗುತ್ತದೆ, ಅದು ಪೂರ್ತಿ ಕರಗುವ ಮುಂಚೆ ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಳ್ಳಬೇಕು. ಒಬ್ಬರಿಗೆ ಎರಡು ಸಾಕು, ಜೊತೆಗೊಂದು ಉದ್ದಿನ ವಡೆ. ಭಾನುವಾರ ಮಾತ್ರ ಹೋಗಬೇಡಿ, ವಯಸ್ಸಾದವರು ಜೊತೆಗಿದ್ದರೆ ಖಂಡಿತ ಬೇಡ. ಕೂರುವುದಕ್ಕೆ ಜಾಗ ಸಿಗುವುದು ಕಷ್ಟ.

ಅಲ್ಲಿ ರಶ್ ಇದ್ದರೆ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಕ್ಯಾತ್ಸಂದ್ರದಲ್ಲಿ ಬೋರ್ಡೇ ಇಲ್ಲದ ಸಣ್ಣ ಹೋಟೆಲ್‌ಗಳೂ ಇವೆ. ಗಂಡ ಹೆಂಡತಿ ಇಬ್ಬರೇ ನಡೆಸುವಂಥವು, ಹಿಟ್ಟು ಮುಗಿದರೆ ಬಾಗಿಲು ಹಾಕುವಂಥವು. ಅಂಥ ಕಡೆ ನನಗೆ ಎಷ್ಟೋ ಸಲ ಹೆಸರಿರುವ ಹೋಟೆಲ್‌ಗಿಂತ ಒಳ್ಳೆಯ ಇಡ್ಲಿ ಸಿಕ್ಕಿದೆ. ಯಾವುದು ಒಳ್ಳೆಯದು ಅಂತ ಕಂಡುಹಿಡಿಯುವುದು ಕಷ್ಟವಲ್ಲ. ಇಡ್ಲಿ ಪಾತ್ರೆ ಕಣ್ಣಿಗೆ ಕಾಣುವ ಜಾಗದಲ್ಲಿದ್ದರೆ ಒಳಗೆ ಹೋಗಿ ಕೂತುಕೊಳ್ಳಿ.

ಪಾತ್ರೆ ಕಾಣಬೇಕು ಅನ್ನುವುದಕ್ಕೆ ಕಾರಣ ಇದೆ. ಮಾಮೂಲಿ ಇಡ್ಲಿಗೆ ಗುಳಿ ಇರುತ್ತದೆ, ಇದಕ್ಕೆ ಚಪ್ಪಟೆ ತಟ್ಟೆ. ತಟ್ಟೆಗೆ ಒದ್ದೆ ಬಟ್ಟೆ ಹಾಸಿ, ಇಲ್ಲಾ ಎಣ್ಣೆ ಸವರಿ, ಹಿಟ್ಟು ಹಾಕಿ, ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಜೋಡಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಅಕ್ಕಿ, ಉದ್ದಿನಬೇಳೆ ಜೊತೆಗೆ ಕೆಲವರು ಅವಲಕ್ಕಿ ಹಾಕುತ್ತಾರೆ, ಕೆಲವರು ಸಬ್ಬಕ್ಕಿ ನೆನೆಸಿ ರುಬ್ಬುತ್ತಾರೆ. ಇಷ್ಟು ಅಗಲದ ಇಡ್ಲಿ ಆದ್ದರಿಂದ ಹಿಟ್ಟಿನ ತಪ್ಪನ್ನು ಮುಚ್ಚಿಡುವುದಕ್ಕೆ ಆಗುವುದಿಲ್ಲ. ರಾತ್ರಿಯೆಲ್ಲ ಇಟ್ಟು ತಾನಾಗೇ ಉಬ್ಬಿದ ಹಿಟ್ಟಾದರೆ ಬೆರಳಲ್ಲಿ ಒತ್ತಿ ಬಿಟ್ಟಾಗ ಇಡ್ಲಿ ಮತ್ತೆ ಮೇಲೇಳುತ್ತದೆ, ಸಣ್ಣಗೆ ಹುಳಿ ಇರುತ್ತದೆ. ಅವಸರಕ್ಕೆ ಸೋಡಾ ಸುರಿದಿದ್ದರೆ ಉಬ್ಬಿರುವುದೇನೋ ಚೆನ್ನಾಗಿಯೇ ಉಬ್ಬಿರುತ್ತದೆ, ತಿಂದಾಗ ಬಾಯಲ್ಲಿ ಒಂಥರಾ ಸೋಪಿನ ರುಚಿ ಉಳಿಯುತ್ತದೆ.

ಇನ್ನೊಂದು ವಿಷಯ ನಾನು ಗಟ್ಟಿಯಾಗಿಯೇ ಹೇಳಬೇಕು. ರಸ್ತೆ ಬದಿಯ ಒಂದು ಹೋಟೆಲ್‌ಗೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿದ್ದೆ, ಹೆಸರು ಬೇಡ. ಅಮ್ಮ ಇಡ್ಲಿ ತಿರುಗಿಸಿ ಕೆಳಗಿನ ಭಾಗ ನೋಡಿದರು. ನುಣ್ಣಗೆ ಹೊಳೆಯುತ್ತಿತ್ತು. "ಬಟ್ಟೆ ಮೇಲೆ ಬೆಂದಿದ್ದರೆ ನೇಯ್ಗೆ ಗುರುತು ಇರಬೇಕು ಕಣೋ, ಇದು ಪ್ಲಾಸ್ಟಿಕ್ ಹಾಕಿ ಬೇಯಿಸಿರೋದು" ಅಂದರು. ಅಡುಗೆಮನೆ ನೋಡಬಹುದಾ ಅಂತ ಕೇಳಿದೆ. ಕ್ಯಾಶ್ ಕೌಂಟರಿನಲ್ಲಿದ್ದವರು ಮುಖ ಗಂಟು ಹಾಕಿಕೊಂಡರು, ನೋಡುವುದಕ್ಕೆ ಬಿಡಲಿಲ್ಲ. ನಾವು ಅಲ್ಲಿಗೇ ಎದ್ದು ಬಂದೆವು. ಇದು ಎಲ್ಲೋ ಒಂದು ಕಡೆ ನಡೆದ ವಿಷಯವೂ ಅಲ್ಲ. 2025ರ ಫೆಬ್ರವರಿಯಲ್ಲಿ ಆರೋಗ್ಯ ಇಲಾಖೆಯವರು ರಾಜ್ಯದ ಬೇರೆ ಬೇರೆ ಕಡೆ ಹೋಟೆಲ್‌ಗಳನ್ನು ಪರಿಶೀಲಿಸಿದಾಗ 50ಕ್ಕೂ ಹೆಚ್ಚು ಕಡೆ ಇಡ್ಲಿ ಬೇಯಿಸುವುದಕ್ಕೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದದ್ದು ಸಿಕ್ಕಿಬಿತ್ತು. ಹಬೆಯ ಬಿಸಿಗೆ ಪ್ಲಾಸ್ಟಿಕ್ಕಿನಲ್ಲಿರುವುದು ಇಡ್ಲಿಗೆ ಇಳಿಯುತ್ತದೆ, ಅದು ಮೈಗೆ ಒಳ್ಳೆಯದಲ್ಲ. ಬಟ್ಟೆ ಒಗೆಯುವ ಕೆಲಸ ಉಳಿಯುತ್ತದೆ ಅಂತ ಗಿರಾಕಿಗಳಿಗೆ ಇಂಥದ್ದು ತಿನ್ನಿಸುವುದು ದೊಡ್ಡ ಅನ್ಯಾಯ. ದಯವಿಟ್ಟು ತಿನ್ನುವ ಮುಂಚೆ ಇಡ್ಲಿ ತಿರುಗಿಸಿ ನೋಡಿ. ಅನುಮಾನ ಬಂದರೆ ಕೇಳಿ. ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಚಟ್ನಿ ವಿಷಯದಲ್ಲಿ ತುಮಕೂರಿನವರನ್ನು ಮೋಸ ಮಾಡುವುದು ಕಷ್ಟ. ತಿಪಟೂರು, ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿ, ಎಲ್ಲಾ ತೆಂಗಿನ ಸೀಮೆಯೇ ಅಲ್ವಾ? ಕಾಯಿ ಕಮ್ಮಿ ಹಾಕಿ ಹುರಿಗಡಲೆ ಜಾಸ್ತಿ ತುಂಬಿದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ನನಗಂತೂ ಕಾಯಿ ಚಟ್ನಿ ಸ್ವಲ್ಪ ತರಿತರಿಯಾಗಿರಬೇಕು, ಹಸಿಮೆಣಸಿನಕಾಯಿ ಖಾರ ಮೂಗಿಗೆ ಹತ್ತಬೇಕು. ಸಾಂಬಾರ್ ಕೊಟ್ಟರೆ ವಡೆಗೆ ಇಟ್ಟುಕೊಳ್ಳಿ, ಇಡ್ಲಿ ಮೇಲೆ ಸುರಿಯಬೇಡಿ. ಬೆಣ್ಣೆ, ಚಟ್ನಿ ಎರಡರ ರುಚಿಯೂ ಹಾಳಾಗುತ್ತದೆ.

ಬಿಡದಿ ಕಡೆಯವರು ಇದನ್ನು ಓದಿದರೆ ಜಗಳಕ್ಕೆ ಬರಬಹುದು. ಬಿಡದಿ ತಟ್ಟೆ ಇಡ್ಲಿಯೂ ಚೆನ್ನಾಗಿರುತ್ತದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಎರಡರಲ್ಲಿ ಒಂದು ಆರಿಸಿಕೋ ಅಂದರೆ ನನಗೆ ಕ್ಯಾತ್ಸಂದ್ರವೇ.

ತಿಂಡಿ ಮುಗಿದ ಮೇಲೆ ಸಿದ್ಧಗಂಗಾ ಮಠಕ್ಕೆ ಹೋಗಿ, ಹತ್ತಿರದಲ್ಲೇ ಇದೆ. ಊಟದ ಹೊತ್ತಿಗೆ ಅಲ್ಲಿದ್ದರೆ ದಾಸೋಹದಲ್ಲಿ ಕೂತು ಪ್ರಸಾದ ತೆಗೆದುಕೊಳ್ಳಿ. ಇದನ್ನು ಹೋಟೆಲ್ ಊಟದ ಹಾಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಅಳೆಯುವುದಕ್ಕೆ ನನಗೆ ಮನಸ್ಸಿಲ್ಲ. ಸುಮಾರು 10 ಸಾವಿರ ಮಕ್ಕಳು ಅಲ್ಲಿ ಇದ್ದು ಓದುತ್ತಾರೆ, ಅವರ ಜೊತೆಗೆ ಬಂದ ಭಕ್ತರಿಗೂ ಊಟ, ಜಾತಿ ಯಾವುದು ಅಂತ ಯಾರೂ ಕೇಳುವುದಿಲ್ಲ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ 111ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿ ಹೊರಗೆ ಹೇಳಿದರು. ಮಕ್ಕಳು ಹಸಿದುಕೊಂಡು ಇರಬಾರದು ಅನ್ನುವುದು ಅವರದೇ ಮಾತಾಗಿತ್ತು. ತುಮಕೂರಿನ ಊಟದ ಬಗ್ಗೆ ಬರೆಯುವವರು ಹೋಟೆಲ್ ಹೆಸರುಗಳನ್ನಷ್ಟೇ ಹೇಳಿ ಇದನ್ನು ಬಿಟ್ಟುಬಿಟ್ಟರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಎಲೆಯಲ್ಲಿ, ತಟ್ಟೆಯಲ್ಲಿ ಒಂದು ಅಗುಳೂ ಬಿಡಬೇಡಿ.

ಇನ್ನು ಹೋಟೆಲ್‌ನಲ್ಲೇ ಊಟ ಮಾಡುವವರಿಗೆ, ಮುದ್ದೆ ಊಟ ಬಿಟ್ಟು ಬೇರೆ ಏನನ್ನೂ ನಾನು ಹೇಳುವುದಿಲ್ಲ. ಪೇಟೆಯೊಳಗೆ ಬಸ್ ಸ್ಟ್ಯಾಂಡ್ ಸುತ್ತಮುತ್ತ ಮೆಸ್‌ಗಳು, ಮಿಲ್ಟ್ರಿ ಹೋಟೆಲ್‌ಗಳು ಬೇಕಾದಷ್ಟಿವೆ. ಹಳ್ಳಿಯಿಂದ ಸಂತೆಗೋ ಆಫೀಸು ಕೆಲಸಕ್ಕೋ ಬಂದವರು ಎಲ್ಲಿ ಜಾಸ್ತಿ ಕೂತಿರುತ್ತಾರೋ ಅಲ್ಲಿಗೆ ಹೋಗಿ. ಮುದ್ದೆಯಲ್ಲಿ ಗಂಟಿದ್ದರೆ ಅವರು ಎರಡನೇ ಸಲ ಅಲ್ಲಿಗೆ ಕಾಲಿಡುವುದಿಲ್ಲ. ಸಸ್ಯಾಹಾರಿಗಳು ಬಸ್ಸಾರು ಕೇಳಿ, ಸೊಪ್ಪು ಬಸಿದ ನೀರಿನ ಸಾರು ಒಂದು ಕಡೆ, ಒಗ್ಗರಣೆ ಹಾಕಿದ ಪಲ್ಯ ಇನ್ನೊಂದು ಕಡೆ. ಮಾಂಸ ತಿನ್ನುವವರಿಗೆ ನಾಟಿಕೋಳಿ ಸಾರು. ಬಾಯ್ಲರ್ ಕೋಳಿ ಹಾಕಿ ನಾಟಿ ಅಂತ ಕೊಡುವವರೂ ಇದ್ದಾರೆ, ಮೂಳೆ ಗಟ್ಟಿಯಿದೆಯೋ ಇಲ್ಲವೋ ನೋಡಿದರೆ ತಿಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಂದರೆ ಮಾತ್ರ ಇವೆರಡನ್ನೂ ಬಿಟ್ಟು ಹಿತಕಿದ ಅವರೆಬೇಳೆ ಸಾರು ಇದೆಯಾ ಅಂತ ಮೊದಲು ಕೇಳಿ. ಸೊಗಡಿನ ಅವರೆಕಾಯಿ ಸಿಗುವುದೇ ಆ ಚಳಿಗಾಲದಲ್ಲಿ. ಮುದ್ದೆಯನ್ನು ಅಗಿಯಬೇಡಿ, ಸಾರಿನಲ್ಲಿ ಅದ್ದಿ ನುಂಗಿ.

ಹಲಸಿನ ಕಾಲದಲ್ಲಿ ಬರುವವರಿಗೆ ಇನ್ನೊಂದು ಮಾತು. ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ 'ಸಿದ್ದು' ಹಲಸು ಎಲ್ಲಾದರೂ ಕಂಡರೆ ಬಿಡಬೇಡಿ. ಹಣ್ಣು ಚಿಕ್ಕದು, ತೊಳೆ ಕೆಂಪು, ಸಿಹಿ ತುಂಬಾ.

ಕಾರು ಇಲ್ಲದವರು ರೈಲಿನಲ್ಲಿ ಬರಬಹುದು. ಬೆಂಗಳೂರು ಕಡೆಯಿಂದ ಬರುವಾಗ ತುಮಕೂರಿಗಿಂತ ಒಂದು ಸ್ಟೇಷನ್ ಮುಂಚೆ ಕ್ಯಾತ್ಸಂದ್ರ. ಹೆಚ್ಚಿನ ಎಕ್ಸ್‌ಪ್ರೆಸ್‌ಗಳು ಅಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಪ್ಯಾಸೆಂಜರ್ ನೋಡಿಕೊಂಡು ಹತ್ತಿ. ಬೆಳಗಿನ ಗಾಡಿಯನ್ನೇ ಹಿಡಿಯಿರಿ, ತಡವಾಗಿ ಬಂದರೆ ಸಣ್ಣ ಹೋಟೆಲ್‌ಗಳಲ್ಲಿ ಹಿಟ್ಟು ಮುಗಿದಿರುತ್ತದೆ.